ಹಳೇ ಬಾಸ್ಕೆಟ್‌ಬಾಲ್ ಪುಸ್ತಕಗಳನ್ನು ಹುಡುಗರ ಕೈಲಿ ಓದಿಸಿದ್ದು ಹೀಗೆ

"ಈಗಿನ ಹುಡುಗರು ಫೋನಲ್ಲಿ ಹೈಲೈಟ್ಸ್ ನೋಡೋರು. ಐವತ್ತು ವರ್ಷ ಹಳೇ ಪುಸ್ತಕ ಯಾರು ಓದ್ತಾರೆ?" ಜೊತೆಯ ಕೋಚ್‌ಗಳೆಲ್ಲ ಇದನ್ನೇ ಹೇಳಿದ್ದರು. ಈಗ ನನ್ನ ಕಪಾಟು ಅರ್ಧ ಖಾಲಿ. ಪುಸ್ತಕಗಳು ಹುಡುಗರ ಬ್ಯಾಗಿನಲ್ಲಿವೆ. ಹಾಗೆ ಹೇಳಿದವರಲ್ಲೇ ಒಬ್ಬಿಬ್ಬರು ಈಚೆಗೆ ಪುಸ್ತಕ ಕೇಳಿಕೊಂಡು ಬಂದಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಕೈಕೊಟ್ಟ ದಾರಿಗಳನ್ನು ಮೊದಲು ಹೇಳಿಬಿಡುತ್ತೇನೆ. "ಓದಲೇಬೇಕಾದ ಹತ್ತು ಪುಸ್ತಕ" ಅಂತ ಪಟ್ಟಿ ಮಾಡಿ ಅಂಟಿಸಿದ್ದು ದಂಡ. ಪ್ರಾಕ್ಟೀಸ್ ಮುಗಿದ ಮೇಲೆ ಕೂರಿಸಿ ಓದಿ ಹೇಳಿದ್ದು ಇನ್ನೂ ದಂಡ, ಹಸಿದವರಿಗೆ ಏನು ಕೇಳಿಸುತ್ತದೆ? ಎಲ್ಲಕ್ಕಿಂತ ದೊಡ್ಡ ಪೆಟ್ಟು ಬಿದ್ದಿದ್ದು ಹ್ಯಾಲ್ಬರ್‌ಸ್ಟಾಮ್ ಅವರ 'ದ ಬ್ರೇಕ್ಸ್ ಆಫ್ ದ ಗೇಮ್'ನಿಂದ. ಪೋರ್ಟ್‌ಲ್ಯಾಂಡ್ ತಂಡದ 1979-80ರ ಸೀಸನ್ ಬಗ್ಗೆ 1981ರಲ್ಲಿ ಬಂದ ಪುಸ್ತಕ. ಎಲ್ಲರೂ ಹೊಗಳುತ್ತಾರೆ, ನಾನೂ ಹೊಗಳುತ್ತೇನೆ. ಆದರೆ ಮೊದಲ ಪುಸ್ತಕವಾಗಿ ಕೊಟ್ಟರೆ ಕಥೆ ಮುಗಿಯಿತು. ವಾಪಸ್ ಬಂದ ಪ್ರತಿಗಳಲ್ಲಿ ಗುರುತಿನ ಚೀಟಿ ನಲವತ್ತನೇ ಪುಟದ ಆಸುಪಾಸಿನಲ್ಲೇ ನಿಂತಿರುತ್ತಿತ್ತು.

ಕೊನೆಗೆ ಕೆಲಸ ಮಾಡಿದ್ದು ತೀರಾ ಸರಳ. ಪುಸ್ತಕ ಕೊಡೋದು ಬಿಟ್ಟು ಪುಟ ಕೊಡೋಕೆ ಶುರು ಮಾಡಿದೆ. ಹುಡುಗ ಆ ವಾರ ಯಾವುದಕ್ಕೆ ಗೊಣಗುತ್ತಿದ್ದಾನೆ ಅಂತ ಕಿವಿಗೊಟ್ಟು ಕೇಳುವುದು. ಅದಕ್ಕೆ ಉತ್ತರ ಇರುವ ಐದಾರು ಪುಟಕ್ಕೆ ಚೀಟಿ ಇಟ್ಟು ಕೊಡುವುದು. "ಇಷ್ಟು ಸಾಕು, ನಾಳಿದ್ದು ವಾಪಸ್ ಕೊಡು" ಅನ್ನುವುದು. ಓದಿದೆಯಾ ಅಂತ ಮಾತ್ರ ಕೇಳಲೇಬಾರದು.

ಗಾರ್ಡ್ ಜಾಗದಲ್ಲಿ ಆಡುವ ಹುಡುಗನೊಬ್ಬ ಇದ್ದ. ಶಾಟ್ ಬೀಳದಿದ್ದಾಗಲೆಲ್ಲ ರಿಂಗಿನ ಮೇಲೆ ತಪ್ಪು ಹಾಕುತ್ತಿದ್ದ. ಅವನಿಗೆ ಜಾನ್ ಮ್ಯಾಕ್‌ಫೀ 1965ರಲ್ಲಿ ಬರೆದ 'ಎ ಸೆನ್ಸ್ ಆಫ್ ವೇರ್ ಯು ಆರ್' ಕೊಟ್ಟೆ. ಪ್ರಿನ್ಸ್‌ಟನ್‌ನಲ್ಲಿ ಆಡುತ್ತಿದ್ದ ಬಿಲ್ ಬ್ರಾಡ್ಲಿಯ ಕಥೆ ಅದು. ಪರಿಚಯವಿಲ್ಲದ ಜಿಮ್‌ನಲ್ಲಿ ಬ್ರಾಡ್ಲಿಯ ಶಾಟ್‌ಗಳು ಒಂದರ ಹಿಂದೊಂದು ತಪ್ಪುತ್ತವೆ. ಒಂದು ಕ್ಷಣ ನಿಲ್ಲುತ್ತಾನೆ, ಅಂದಾಜು ಸರಿಮಾಡಿಕೊಳ್ಳುತ್ತಾನೆ, ಆಮೇಲೆ ಎಲ್ಲ ಒಳಗೆ. ನಂತರ ಹೇಳುತ್ತಾನೆ, ಈ ಬಾಸ್ಕೆಟ್ ಒಂದೂವರೆ ಇಂಚು ತಗ್ಗಿದೆ ಅಂತ. ಮ್ಯಾಕ್‌ಫೀ ಕೆಲವು ವಾರ ಬಿಟ್ಟು ಏಣಿ, ಟೇಪು ತಗೊಂಡು ಹೋಗಿ ಅಳೆದರೆ ನಿಜಕ್ಕೂ ಒಂದು ಇಂಚು ಚಿಲ್ಲರೆ ತಗ್ಗಿತ್ತು! ನಮ್ಮ ಹುಡುಗ ಮಾರನೇ ದಿನವೇ ಟೇಪು ತಂದ. ಎರಡು ರಿಂಗುಗಳನ್ನೂ ಅಳೆದೆವು. ಒಂದು ಸರಿಯಾಗಿ ಹತ್ತು ಅಡಿ, ಇನ್ನೊಂದು ಅರ್ಧ ಇಂಚು ಜಾಸ್ತಿ. ಅವನು ದೂರುತ್ತಿದ್ದುದು ಸರಿಯಾಗಿದ್ದ ರಿಂಗನ್ನೇ. ಆಮೇಲೆ ಇಡೀ ಪುಸ್ತಕ ತಾನಾಗಿ ಕೇಳಿ ಒಯ್ದ.

ತ್ರೀ ಪಾಯಿಂಟರ್, ಅಂದರೆ ದೂರದ ಗೆರೆಯಾಚೆಯಿಂದ ಹಾಕುವ ಮೂರು ಪಾಯಿಂಟಿನ ಶಾಟ್, ಈ ಕಾಲದ್ದು ಅಂತ ವಾದ ಮಾಡುವವರಿಗೆ ಟೆರ್ರಿ ಪ್ಲೂಟೋ ಅವರ 'ಲೂಸ್ ಬಾಲ್ಸ್'. ಕೆಂಪು-ಬಿಳಿ-ನೀಲಿ ಚೆಂಡಿನ ಎಬಿಎ ಲೀಗ್ 1967ರಿಂದ 1976ರವರೆಗೆ ನಡೆದದ್ದು. ಮೂರು ಪಾಯಿಂಟಿನ ಗೆರೆ ಅಲ್ಲಿತ್ತು. ಎನ್‌ಬಿಎ (ಅಮೆರಿಕದ ದೊಡ್ಡ ವೃತ್ತಿಪರ ಲೀಗ್) ಅದನ್ನು ತಂದಿದ್ದು 1979-80ರಲ್ಲಿ. ಆಡಿದವರೇ ಮಾತಾಡುವ ಪುಸ್ತಕವಾದ್ದರಿಂದ ಎಲ್ಲಿಂದ ಬೇಕಾದರೂ ಓದಬಹುದು. ಅದು ಹಿಡಿಸಿದವನಿಗೆ ಮುಂದಿನದು ಡೇವಿಡ್ ವುಲ್ಫ್ ಅವರ 'ಫೌಲ್!' (1972). 1961ರ ಬೆಟ್ಟಿಂಗ್ ಹಗರಣದ ನೆರಳು ಬಿದ್ದದ್ದಕ್ಕೇ ಆಟಗಾರ ಕಾನಿ ಹಾಕಿನ್ಸ್‌ಗೆ ಎನ್‌ಬಿಎ ಬಾಗಿಲು ಹಾಕಿತ್ತು. ಕೇಸು ಹಾಕಿ, ರಾಜಿಯಾಗಿ, 1969ರಲ್ಲಿ ಫೀನಿಕ್ಸ್ ತಂಡ ಸೇರಿದ. ಇದನ್ನು ಯಾಕೆ ಇಷ್ಟು ಕಡಿಮೆ ಜನ ಓದಿದ್ದಾರೋ ನನಗೆ ಅರ್ಥವಾಗಿಲ್ಲ. ನನ್ನ ಪ್ರಕಾರ ಬಾಸ್ಕೆಟ್‌ಬಾಲ್ ಜೀವನಚರಿತ್ರೆಗಳಲ್ಲಿ ಇದೇ ಮೇಲು.

ಇಷ್ಟು ಸೆಕೆಂಡಿನೊಳಗೆ ಶಾಟ್ ಹೊಡೆಯಲೇಬೇಕು ಅನ್ನುವ ಶಾಟ್ ಕ್ಲಾಕ್ ಬಗ್ಗೆ ಗೊಣಗುವವರಿಗೆ ಲೆನರ್ಡ್ ಕಾಪೆಟ್ ಅವರ '24 ಸೆಕೆಂಡ್ಸ್ ಟು ಶೂಟ್'. ಆ ಗಡಿಯಾರ ಇಲ್ಲದ 1950ರಲ್ಲಿ ಒಂದು ಎನ್‌ಬಿಎ ಪಂದ್ಯ 19-18ಕ್ಕೆ ಮುಗಿದಿತ್ತು ಅಂತ ಹೇಳಿ ಸುಮ್ನಿದ್ದರೆ ಸಾಕು, ಪುಸ್ತಕ ತಾನೇ ಕೈ ಬದಲಾಯಿಸುತ್ತದೆ.

ಈಗ ದುಡ್ಡಿನ ವಿಷಯ. ಮ್ಯಾಕ್‌ಫೀ ಪುಸ್ತಕದ ಮೊದಲ ಮುದ್ರಣಕ್ಕೆ ಆಸೆಪಡಬೇಡಿ. ಅದು ಅವರ ಮೊದಲ ಪುಸ್ತಕ, ಹಾಗಾಗಿ ಬಾಸ್ಕೆಟ್‌ಬಾಲ್ ಗೊತ್ತೇ ಇಲ್ಲದ ಸಂಗ್ರಾಹಕರೂ ಬಂದು ಬೆಲೆ ಏರಿಸುತ್ತಾರೆ. ಮರುಮುದ್ರಣ ಓದಿದರೂ ರಿಂಗು ಅಷ್ಟೇ ತಗ್ಗಿರುತ್ತದೆ! ಈ ಆಟ ಹುಟ್ಟುಹಾಕಿದ ನೈಸ್ಮಿತ್ ತೀರಿಕೊಂಡ ಮೇಲೆ 1941ರಲ್ಲಿ ಬಂದ ಅವರ ಪುಸ್ತಕವೂ ಅಷ್ಟೇ. ಮೂಲ ಪ್ರತಿಗೆ ಕೊಡುವ ದುಡ್ಡಲ್ಲಿ ನೆಬ್ರಾಸ್ಕಾ ವಿಶ್ವವಿದ್ಯಾಲಯದ ಮರುಮುದ್ರಣ ಹತ್ತು ಹನ್ನೆರಡಾದರೂ ಬಂದೀತು. ನಾನು ಹುಡುಕೋದು ಲೈಬ್ರರಿಗಳು ತೆಗೆದುಹಾಕಿದ ಪ್ರತಿ. ಸೀಲು ಹೊಡೆದಿರುತ್ತದೆ, ಹೊದಿಕೆ ಇರಲ್ಲ, ಬೆಲೆ ನಾಲ್ಕರಲ್ಲಿ ಒಂದು ಭಾಗ. ಅಂಚೆ ಖರ್ಚೇ ಪುಸ್ತಕಕ್ಕಿಂತ ಜಾಸ್ತಿ, ಅದಕ್ಕೆ ನಾಲ್ಕೈದು ಒಟ್ಟಿಗೆ ತರಿಸಿ.

ಕೈ ಸುಟ್ಟಿದ್ದು ಕೋಚ್ ಟೆಕ್ಸ್ ವಿಂಟರ್ ಅವರ 1962ರ 'ದ ಟ್ರಿಪಲ್-ಪೋಸ್ಟ್ ಅಫೆನ್ಸ್' ವಿಷಯದಲ್ಲಿ. ಶಿಕಾಗೊ ಆರು ಸಲ, ಲೇಕರ್ಸ್ ಐದು ಸಲ ಎನ್‌ಬಿಎ ಪ್ರಶಸ್ತಿ ಗೆದ್ದ ಟ್ರಯಾಂಗಲ್ ಅನ್ನೋ ದಾಳಿ ತಂತ್ರದ ಮೂಲ ಇದೇ. ಮಾರುವವನು "ಒಳ್ಳೇ ಸ್ಥಿತಿ" ಅಂದಿದ್ದ. ಬಂದ ಪ್ರತಿಯಲ್ಲಿ ಯಾರೋ ಚಿತ್ರಗಳ ನಾಲ್ಕು ಹಾಳೆ ಬ್ಲೇಡಿನಲ್ಲಿ ಕೊಯ್ದುಕೊಂಡಿದ್ದರು. ದುಡ್ಡು ವಾಪಸ್ ಬರಲಿಲ್ಲ. ಈಗ ಹಣ ಕಳಿಸುವ ಮುಂಚೆ ಚಿತ್ರಗಳಿರುವ ಪುಟಗಳ ಫೋಟೊ ಕೇಳುತ್ತೇನೆ. ಎರಡನೇ ಪ್ರತಿಯ ತುಂಬ ಪೆನ್ಸಿಲ್ ಗೀಚು. ಸಂಗ್ರಾಹಕರು ಮೂಗು ಮುರಿಯುತ್ತಾರೆ, ನನಗೆ ಅದೇ ಬೇಕಾಗಿದ್ದು. ಹಳೇ ಕೋಚ್ ಯಾರೋ ಪ್ರತಿ ಕಟ್‌ಗೂ ಬಾಣ ಹಾಕಿ, ಒಂದು ಕಡೆ "ತಡ!" ಅಂತ ಎರಡು ಸಲ ಗೆರೆ ಎಳೆದಿದ್ದಾನೆ. ಆ ಜಾಗದಲ್ಲೇ ಬಾಸ್ಕೆಟ್ ಹತ್ತಿರ ನಿಲ್ಲುವ ನಮ್ಮ ಪೋಸ್ಟ್ ಆಟಗಾರನೂ ತಡ ಮಾಡುತ್ತಿದ್ದ. ಅಗ್ಗದ ಗೀಚು ಪ್ರತಿಗಳನ್ನು ಹುಡುಕಲು ನಾನು ಯಾವ ಪದ ಹಾಕುತ್ತೇನೆ ಅಂತ ಮಾತ್ರ ಕೇಳಬೇಡಿ. ಹೇಳಿದರೆ ನಾಳೆಯೇ ಬೆಲೆ ಏರುತ್ತದೆ.

ಅಂದ ಹಾಗೆ, 'ದ ಬಾಸ್ಕೆಟ್‌ಬಾಲ್ ಡೈರೀಸ್' ಹೆಸರು ನೋಡಿ ಚಿಕ್ಕ ಹುಡುಗರಿಗೆ ಕೊಟ್ಟೀರಿ, ಜೋಕೆ. ಅದರಲ್ಲಿ ಆಟಕ್ಕಿಂತ ಡ್ರಗ್ಸ್ ಜಾಸ್ತಿ.

ಓದಿದ್ದನ್ನು ಆಡಿ ನೋಡುವ ಹುಚ್ಚೂ ಹತ್ತಿತು. ನೈಸ್ಮಿತ್ ಮೊದಲು ಬರೆದ 13 ನಿಯಮಗಳ ಪ್ರಕಾರ ಹದಿನೈದು ನಿಮಿಷದ ಎರಡು ಅರ್ಧ ಆಡಿಸಿದೆ, ಒಂದೊಂದು ಕಡೆಗೆ ಒಂಬತ್ತು ಜನ. ಚೆಂಡು ಹಿಡಿದು ಓಡುವಂತಿಲ್ಲ, ಹಿಡಿದ ಜಾಗದಿಂದಲೇ ಎಸೆಯಬೇಕು. ಡ್ರಿಬಲ್, ಅಂದರೆ ಚೆಂಡು ಪುಟಿಸುತ್ತ ಓಡೋದನ್ನು, ನಂಬಿಕೊಂಡವರ ಕೈಕಾಲು ಕಟ್ಟಿಹಾಕಿದ ಹಾಗಾಯಿತು. ಹತ್ತು ನಿಮಿಷದಲ್ಲಿ ಎಲ್ಲರೂ ಖಾಲಿ ಜಾಗಕ್ಕೆ ಓಡೋಕೆ ಕಲಿತರು. ನಾನು ತಿಂಗಳುಗಟ್ಟಲೆ ಕೂಗಿಕೊಂಡಿದ್ದು ಇದಕ್ಕೇ. ಒಂದು ಎಡವಟ್ಟು, ಗೆರೆ ದಾಟಿದ ಚೆಂಡು ಮೊದಲು ಮುಟ್ಟಿದವನದ್ದು ಅನ್ನುತ್ತದೆ ಆ ನಿಯಮ. ಹುಡುಗರು ಬೆಂಚುಗಳ ಮೇಲೆ ಬಿದ್ದು ಮೊಣಕಾಲು ತರಚಿಕೊಂಡರು. ಅದೊಂದನ್ನು ಕೈಬಿಟ್ಟು ಆಡಿಸಿ.

ಹುಡುಗಿಯರ ತಂಡ ಸುಮ್ಮನಿರುತ್ತದೆಯೇ? ಅಮೆರಿಕದ ಸ್ಮಿತ್ ಕಾಲೇಜಿನಲ್ಲಿ ಸೆಂಡಾ ಬೆರೆನ್ಸನ್ ಹಿಂದೆ ಹುಡುಗಿಯರ ಆಟಕ್ಕೆ ತಂದ ನಿಯಮ ಅವರಿಗೆ ಸಿಕ್ಕಿತು. ಅಂಕಣ ಮೂರು ಭಾಗ, ನಿಮ್ಮ ಭಾಗ ಬಿಟ್ಟು ಹೋಗುವಂತಿಲ್ಲ. ಆಡಿದರು, ಬೈದರು, ಆಮೇಲೆ ಇದನ್ನೆಲ್ಲ ಬದಲಾಯಿಸಿದ್ದು ಯಾವಾಗ ಅಂತ ಕೇಳಿದರು. ಅದಕ್ಕೆ ಚೀಟಿ ಇಡಬೇಕಾದ ಪುಟ ಹುಡುಕುತ್ತಿದ್ದೇನೆ. ಅಷ್ಟರಲ್ಲಿ ಲ್ಯಾರಿ ಕೋಲ್ಟನ್ ಅವರ 'ಕೌಂಟಿಂಗ್ ಕೂ' ಕೈಗೆ ಕೊಟ್ಟಿದ್ದೇನೆ. ಮೊಂಟಾನಾದ ಕ್ರೋ ಬುಡಕಟ್ಟಿನ ಹುಡುಗಿಯೊಬ್ಬಳ ಹೈಸ್ಕೂಲ್ ಆಟದ ಕಥೆ. ಒಂದೇ ಪ್ರತಿ, ಈಗಲೇ ಮೂವರು ಸರದಿಯಲ್ಲಿದ್ದಾರೆ.