ತೆರಿಗೆ ದರ ಬದಲಾದಾಗ ಬಿಲ್ ಮಾಡುವವರಿಗೆ

2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರಗಳು ಬದಲಾದ ಆಸುಪಾಸಿನ ವ್ಯವಹಾರಗಳ ಲೆಕ್ಕವನ್ನು ಇನ್ನೂ ಸರಿಪಡಿಸುತ್ತಿರುವ ಸಣ್ಣ ವ್ಯಾಪಾರಿಗಳು ಮುಂಗಡ ಬಂದ ದಿನವನ್ನಷ್ಟೇ ನೋಡಿ ದರ ನಿರ್ಧರಿಸಬಾರದು. ಸರಕು ಪೂರೈಕೆ, ಬಿಲ್, ಹಣ ಪಾವತಿ ಈ ಮೂರರಲ್ಲಿ ಎರಡು ಬದಲಾವಣೆಗೆ ಮೊದಲೇ ನಡೆದಿದ್ದರೆ ಹಳೆಯ ದರ, ಎರಡು ಆನಂತರ ನಡೆದಿದ್ದರೆ ಹೊಸ ದರ ಎಂಬುದು ಸಿಜಿಎಸ್‌ಟಿ (ಕೇಂದ್ರ ಜಿಎಸ್‌ಟಿ) ಕಾಯ್ದೆಯ 14ನೇ ಕಲಮಿನ ಸಾರ.

ಉದಾಹರಣೆಗೆ, ಎಸಿಗೆ ಗ್ರಾಹಕರು ಸೆಪ್ಟೆಂಬರ್ 15ರಂದೇ ಪೂರ್ತಿ ಹಣ ಕೊಟ್ಟಿದ್ದರೂ, ಬಿಲ್ ಮತ್ತು ಪೂರೈಕೆ ಎರಡೂ 24ರಂದು ಆಗಿದ್ದರೆ ಶೇ 28 ಅಲ್ಲ, ಶೇ 18 ಅನ್ವಯಿಸುತ್ತದೆ. ಅದೇ ಬಿಲ್ಲನ್ನೂ 15ರಂದೇ ಹರಿದುಕೊಟ್ಟಿದ್ದರೆ ಶೇ 28 ಉಳಿಯುತ್ತದೆ. ಗ್ರಾಹಕರು ಜಗಳಕ್ಕೆ ಬರುವುದು ಸಾಮಾನ್ಯವಾಗಿ ಇಲ್ಲಿಯೇ.

ಶೇ 12 ಕೊಟ್ಟು ತಂದಿಟ್ಟ ತುಪ್ಪವನ್ನು ಈಗ ಶೇ 5ಕ್ಕೆ ಮಾರಿದರೂ, ಖರೀದಿಯ ಮೇಲಿನ ಇನ್‌ಪುಟ್ ಕ್ರೆಡಿಟ್ (ಖರೀದಿಗೆ ಕೊಟ್ಟ ತೆರಿಗೆಯನ್ನು ಮಾರಾಟದ ತೆರಿಗೆಯಲ್ಲಿ ಕಳೆದುಕೊಳ್ಳುವ ಅವಕಾಶ) ಕಡಿಮೆಯಾಗುವುದಿಲ್ಲ. ಹಳೆಯ ದರದಲ್ಲಿ ಮಾರಿದ ಸರಕು ವಾಪಸ್ ಬಂದರೆ ಕ್ರೆಡಿಟ್ ನೋಟನ್ನು (ಬಿಲ್ಲಿನ ಮೊತ್ತ ಕಡಿಮೆ ಮಾಡಿ ಕೊಡುವ ಚೀಟಿ) ಹಳೆಯ ದರದಲ್ಲಿಯೇ ಬರೆಯಬೇಕು. ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲಿ ಹಳೆಯ ದರವನ್ನು ಅಳಿಸದೆ, ಹೊಸ ದರವನ್ನು ಜಾರಿಯ ದಿನಾಂಕದೊಂದಿಗೆ ಸೇರಿಸಿಕೊಳ್ಳುವುದು ಒಳಿತು.