ಮುತ್ತಜ್ಜಿ ಎಳೆಯದ ಕೈಗಾಡಿ

ಅಮೆರಿಕದ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಗೆ ಬಂದ ಹೊಸದರಲ್ಲಿ ಪಕ್ಕದ ಮನೆ ಅಜ್ಜಿಗೆ ಟೈಪ್ ಮಾಡಿಕೊಡೋಕೆ ಒಪ್ಪಿಕೊಂಡೆ. ಅವರು ‘ಡಾಟರ್ಸ್ ಆಫ್ ಯೂಟಾ ಪಯೋನಿಯರ್ಸ್’ ಸಂಘದ ಸದಸ್ಯೆ. 1901ರಲ್ಲಿ ಶುರುವಾದ ಹೆಂಗಸರ ಸಂಘ. 1869ರ ಮೇ 10ಕ್ಕೆ ಮೊದಲು, ಅಂದರೆ ದೇಶದ ಪೂರ್ವ ಪಶ್ಚಿಮದ ರೈಲು ಹಳಿ ಕೂಡುವ ಮುಂಚೆ, ಇಲ್ಲಿಗೆ ಬಂದವರ ವಂಶದ ಹೆಣ್ಣುಮಕ್ಕಳಿಗೆ ಸದಸ್ಯತ್ವ. ನಾನು ಬಂದಿದ್ದು ವಿಮಾನದಲ್ಲಿ, ಆ ಮಾತು ಬಿಡಿ.

ಅಜ್ಜಿ ತಮ್ಮ ಮುತ್ತಜ್ಜಿಯ ಕಥೆ ಬರೆದು ಸಂಘಕ್ಕೆ ಕೊಡಬೇಕಿತ್ತು. ಮುತ್ತಜ್ಜಿ ಹುಡುಗಿಯಾಗಿದ್ದಾಗ ಕೈಗಾಡಿ ಎಳೆದುಕೊಂಡು ಬಂದಳು ಅಂತ ಮನೆಯವರೆಲ್ಲ ಹೇಳುತ್ತಿದ್ದರು. ಇಲ್ಲಿ ಅದು ದೊಡ್ಡ ಹೆಮ್ಮೆ. 1856ರಿಂದ 1860ರವರೆಗೆ ಹತ್ತು ತಂಡಗಳಲ್ಲಿ ಸುಮಾರು 3,000 ಮಾರ್ಮನ್ (ಅಮೆರಿಕದಲ್ಲಿ ಹುಟ್ಟಿದ ಒಂದು ಕ್ರೈಸ್ತ ಪಂಥ) ವಲಸಿಗರು, ಎತ್ತು ಕೊಳ್ಳೋಕೆ ದುಡ್ಡಿಲ್ಲದೆ, ತಾವೇ ಗಾಡಿ ಎಳೆದರು. ತಲೆಗೆ 17 ಪೌಂಡ್ ಸಾಮಾನು, ಹಾಸಿಗೆ ಬಟ್ಟೆಯೂ ಸೇರಿ.

ಮೊದಲು ನಾನು ಇಸವಿ ಕೇಳುತ್ತಾ ಕೂತೆ. ತಪ್ಪು ಮಾಡಿದೆ, ಅಜ್ಜಿಗೆ ಗಲಿಬಿಲಿಯಾಯಿತು. ಆಮೇಲೆ ಗೋಡೆ ಮೇಲಿದ್ದ ಚೌಕಟ್ಟು ತೋರಿಸಿ ಇದೇನು ಅಂದೆ. ಗಾಜಿನೊಳಗೆ ಕಂದು, ಬಿಳಿ, ಕೆಂಚು ಬಣ್ಣದ ಪುಟ್ಟ ಹೂಗಳು. ಹತ್ತಿರ ಹೋಗಿ ನೋಡಿದರೆ ಎಲ್ಲವೂ ಕೂದಲು! ಮನೆಮಂದಿಯ ಕೂದಲನ್ನು ಸಣ್ಣ ತಂತಿಗೆ ಸುತ್ತಿ ಮಾಡಿದ್ದು. ಸಂಘದ ಮ್ಯೂಸಿಯಂನಲ್ಲೂ ಇಂಥವಿವೆ. ಇದರ ಹಿಂದೆ ಅಂಟಿಸಿದ ಚೀಟಿಯಲ್ಲಿ ಯಾವ ಹೂವು ಯಾರದ್ದು ಅಂತ ಬರೆದಿತ್ತು, ಮುತ್ತಜ್ಜಿಯ ತವರಿನ ಹೆಸರೂ ಸಿಕ್ಕಿತು, ಅದೂ ನಾವು ಇಷ್ಟು ದಿನ ಹುಡುಕುತ್ತಿದ್ದ ಸ್ಪೆಲ್ಲಿಂಗ್ ಅಲ್ಲವೇ ಅಲ್ಲ.

ಹೊಸ ಸ್ಪೆಲ್ಲಿಂಗ್ ಹಾಕಿ ಹುಡುಕಿದೆ. 1860ರ ಜನಗಣತಿಯಲ್ಲಿ ಆ ಮನೆಯವರು ಯೂಟಾದಲ್ಲಿ ಇಲ್ಲ. 1862ರಲ್ಲಿ ಅಮೆರಿಕಕ್ಕೆ ಬಂದ ಹಡಗಿನ ಪಟ್ಟಿಯಲ್ಲಿ ಇದ್ದಾರೆ. ಕೈಗಾಡಿ ಕಾಲ ಮುಗಿದು ಎರಡು ವರ್ಷ! ಆಗೆಲ್ಲ ಯೂಟಾದಿಂದಲೇ ಎತ್ತಿನ ಗಾಡಿಗಳು ನೆಬ್ರಾಸ್ಕಾದ ಫ್ಲಾರೆನ್ಸ್‌ವರೆಗೆ ಹೋಗಿ ಜನರನ್ನು ಕರೆತರುತ್ತಿದ್ದವು.

ಹೇಳಿದ ಮೇಲೆ ಅಜ್ಜಿ ಒಂದು ವಾರ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ನಾನು ಹಳೇ ಮಾತನ್ನು ಹೊಡೆದುಹಾಕಲಿಲ್ಲ. ಮನೆಯಲ್ಲಿ ಹೇಳೋದು ಒಂದು ಕಡೆ, ದಾಖಲೆಯಲ್ಲಿ ಇರೋದು ಇನ್ನೊಂದು ಕಡೆ, ಎರಡಕ್ಕೂ ಯಾರು ಹೇಳಿದರು, ಎಲ್ಲಿ ಸಿಕ್ಕಿತು ಅಂತ ಬರೆದೆ. ಅಜ್ಜಿ ಓದಿ ಕೇಳಿದರು, “ಆದರೂ ನಡೆದೇ ಬಂದಳು ತಾನೆ?”

ಹೌದು. ಗಾಡಿ ತುಂಬ ಸಾಮಾನು ಇರುತ್ತಿತ್ತು, ಜಾಸ್ತಿ ಜನ ಪಕ್ಕದಲ್ಲಿ ನಡೆಯುತ್ತಿದ್ದರು. ಆ ಸಾಲನ್ನೂ ಸೇರಿಸಿದೆ.