ಕಾಫಿ ಕಣದಲ್ಲಿ ಮೆಟಲ್, ನಾಲ್ಕೇ ಬಿನ್ನಿನಲ್ಲಿ

ಎಂಟು ಬಾಸ್ ಬಿನ್ (ತಗ್ಗಿನ ದಪ್ಪ ಶಬ್ದಕ್ಕೇ ಇರುವ ದೊಡ್ಡ ಸ್ಪೀಕರ್ ಪೆಟ್ಟಿಗೆ) ಇಲ್ಲದೆ ಮೆಟಲ್, ಅಂದರೆ ಅಬ್ಬರದ ರಾಕ್ ಸಂಗೀತದ ಶೋ ಆಗಲ್ಲ ಅಂತ ಹಾಸನದಲ್ಲಿ ಸೌಂಡ್ಸ್ ಇಟ್ಟುಕೊಂಡ ಗೆಳೆಯರೆಲ್ಲ ಹೇಳಿದ್ದರು. ನಾನು ನಾಲ್ಕರಲ್ಲೇ ಮುಗಿಸಿದೆ. ಅದೂ ಸಕಲೇಶಪುರದ ಕಡೆ, ಗೆಳೆಯನ ತೋಟದ ಕಾಫಿ ಒಣಗಿಸುವ ಕಣದಲ್ಲಿ.

ಈ ಹುಚ್ಚು ಹಿಡಿದದ್ದು 2011ರ ಅಕ್ಟೋಬರ್ 30ರಂದು. ಬೆಂಗಳೂರಿನ ಅರಮನೆ ಮೈದಾನದಲ್ಲಿ ಅಮೆರಿಕದ ಮೆಟಲ್ ಬ್ಯಾಂಡ್ ಮೆಟಾಲಿಕಾ. ಕೆಂಪು ಬಸ್ಸು ಹತ್ತಿ ಹೋಗಿದ್ದೆ. ಹಾಡಿಗಿಂತ ಜಾಸ್ತಿ ನೆನಪಿರುವುದು ನನ್ನ ಅಂಗಿ. ಕಾಲಲ್ಲಿ ಬಾರಿಸುವ ಕಿಕ್ ಡ್ರಮ್ಮಿನ ಒಂದೊಂದು ಒದೆತಕ್ಕೂ ಅದು ಎದೆಗೆ ಬಂದು ಬಡಿಯುತ್ತಿತ್ತು. ಮೊಬೈಲಲ್ಲಿ ಎಷ್ಟು ಕೇಳಿದರೂ ಅದು ಸಿಗಲ್ಲ.

ನಮ್ಮೂರಲ್ಲಿ ಮೊದಲ ಪ್ರಯತ್ನ ಒಂದು ಕಲ್ಯಾಣ ಮಂಟಪದಲ್ಲಿ. ಗ್ರಾನೈಟ್ ನೆಲ, ಸುತ್ತ ಗಾಜಿನ ಕಿಟಕಿ. ಡಬಲ್ ಬಾಸ್, ಅಂದರೆ ಎರಡೂ ಕಾಲಲ್ಲಿ ಕಿಕ್ ಒದೆಯುವುದು, ಶುರುವಾದದ್ದೇ ತಡ, ಆಲೂಗಡ್ಡೆ ಮೂಟೆ ಮೆಟ್ಟಿಲ ಮೇಲಿಂದ ಉರುಳಿದ ಹಾಗೆ ಕೇಳಿಸಿತು. ಅರ್ಧ ಜನ ಊಟದ ಹಾಲಿಗೆ ಹೋಗಿ ಕೂತರು. ಸುಮಾರು 35 ಸಾವಿರ ಕೈಬಿಟ್ಟಿತು. ಮನೆಯಲ್ಲಿ ಇವತ್ತಿಗೂ 20 ಅಂತಲೇ ಹೇಳಿದ್ದೇನೆ.

ಎರಡನೆಯದು ಇದೇ ಕಣದಲ್ಲಿ ಟ್ರಯಲ್. ಲಾರಿ ಬರುವ ಕಡೆ ಸ್ಟೇಜ್ ಹಾಕಿ, ಸ್ಪೀಕರುಗಳನ್ನು ಗೋಡೌನ್ ಕಡೆ ತಿರುಗಿಸಿದ್ದೆ. ದಡ್ಡತನ. ಗೋಡೆಗೆ 25 ಮೀಟರ್ ಇರಬಹುದು, ಶಬ್ದ ಹೋಗಿ ಬರಲು 150 ಮಿಲಿಸೆಕೆಂಡ್. ಅಷ್ಟರಲ್ಲಿ ಡ್ರಮ್ಮರ್ ಇನ್ನೆರಡು ಒದ್ದಿರುತ್ತಾನೆ. ಸಾಲದ್ದಕ್ಕೆ ತೋಟದ ಲೈನಿನಲ್ಲಿ ವೋಲ್ಟೇಜ್ 170ಕ್ಕೆ ಇಳಿದು ಆಂಪ್ಲಿಫೈಯರ್ ಪ್ರೊಟೆಕ್ಟ್‌ಗೆ ಹೋಗಿ ತಾನೇ ಬಂದ್ ಆಯಿತು. 'ಪಲ್ಪರ್ ಕೆಟ್ಟಾಗ ಹಿಂಗೇ ಸೌಂಡ್ ಬರೋದು ಸಾರ್' ಅಂದರು ತೋಟದ ಲೆಕ್ಕ ನೋಡುವ ರೈಟ್ರು. ಪಲ್ಪರ್ ಅಂದರೆ ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಮೆಷಿನ್.

ಮೂರನೇ ಸಲ ಎಲ್ಲ ಉಲ್ಟಾ ಮಾಡಿದೆ. ಗೋಡೌನಿನ ಲೋಡಿಂಗ್ ಕಟ್ಟೆಯೇ ಸ್ಟೇಜ್. ಸ್ಪೀಕರುಗಳ ಮುಖ ತೋಟದ ಇಳಿಜಾರಿಗೆ, ಹೋದ ಶಬ್ದ ವಾಪಸ್ ಬರಲ್ಲ. ಕಟ್ಟೆಯ ಆಚೆ ಎರಡು, ಈಚೆ ಎರಡು ಬಿನ್, ಬೆನ್ನು ಗೋಡೆಗೆ. ಗೋಡೆಯೇ ಬಾಸನ್ನು ಮುಂದಕ್ಕೆ ತಳ್ಳಿಕೊಟ್ಟಿತು. ಗೋಡೆಗೂ ಬಿನ್ನಿಗೂ ಎಷ್ಟು ಸಂದು ಬಿಟ್ಟೆ ಅನ್ನುವುದು ನನ್ನ ಹತ್ತಿರವೇ ಇರಲಿ. ಗುಂಯ್‌ಗುಟ್ಟದಿರಲಿ ಅಂತ ಕಿಕ್ ಡ್ರಮ್ ಒಳಗೆ ಇಡುವ ದಿಂಬಿನ ಬದಲು ನಾನು ಇಟ್ಟದ್ದೂ ತೋಟದಲ್ಲೇ ಸಿಗುವ ವಸ್ತು, ಊಹಿಸಿಕೊಳ್ಳಿ.

ಗಿಟಾರಿನವರ ಜೊತೆ ಜಗಳ ಆಯಿತು. ಇಬ್ಬರಿಗೂ ಬಾಸ್ ಬೇಕಂತೆ. ಇಬ್ಬರದ್ದೂ 100 ಹರ್ಟ್ಸ್ ಕೆಳಗಿನ ದಪ್ಪ ಶಬ್ದವನ್ನು ಮಿಕ್ಸರಿನಲ್ಲಿ ಸುಮ್ನೆ ಕತ್ತರಿಸಿದೆ. ಹೇಳಲಿಲ್ಲ. ಶೋ ಮುಗಿದ ಮೇಲೆ 'ಅಣ್ಣ, ಇವತ್ತು ಟೋನ್ ಸಖತ್ತಾಗಿತ್ತು' ಅಂದರು.

ಮಧ್ಯೆ ಇನ್ನೊಂದು ಹುಚ್ಚು. ಊರಿನ ಡೊಳ್ಳಿನವರನ್ನು ಕರೆದು ಡೊಳ್ಳಿಗೆ ಕಿಕ್ ಮೈಕ್ ಇಟ್ಟು ನೋಡಿದೆ. ಒಂಟಿ ಡೊಳ್ಳು ಅದ್ಭುತ. ಬ್ಯಾಂಡ್ ಜೊತೆ ಸೇರಿಸಿದರೆ ಬರೀ ಗುಂಯ್. ಕೈಬಿಟ್ಟೆ, ಆದರೆ ಪೂರ್ತಿ ಅಲ್ಲ.

ಮಾರ್ಚ್ ಮೊದಲ ವಾರ, ಕಣ ಖಾಲಿಯಾಗಿತ್ತು. ಸಂಜೆ ನಾಲ್ಕಕ್ಕೆ ಶುರು, ಎಂಟೂವರೆಗೆ ಬಂದ್. ಕಾನೂನಿನ ಪ್ರಕಾರ ಹತ್ತರವರೆಗೆ ಹಾಕಬಹುದಿತ್ತು. ಆದರೆ ಆ ವಾರ ಪಕ್ಕದ ತೋಟದಲ್ಲಿ ಆನೆ ಓಡಾಡುತ್ತಿದ್ದವು, ಕತ್ತಲಲ್ಲಿ ಬೈಕ್ ಹುಡುಗರನ್ನು ಹೇಗೆ ಕಳಿಸೋದು? ಸ್ಟೇಜ್ ಮುಂದೆ ಹುಡುಗರ ಮಾಶ್ ಪಿಟ್ ಅಂದರೆ ತೇರು ಎಳೆಯುವಾಗಿನ ನೂಕಾಟವೇ, ಹಗ್ಗ ಇಲ್ಲ ಅಷ್ಟೇ. ಕಾಂಕ್ರೀಟ್ ನೆಲದ ಮೇಲೆ ಒಬ್ಬ ಬಿದ್ದ. ಅಕ್ಕಪಕ್ಕದವರೆಲ್ಲ ಒಂದೇ ಸಲ ನಿಂತು, ಎತ್ತಿ ನಿಲ್ಲಿಸಿ, ಅವನ ಚಪ್ಪಲಿ ಹುಡುಕಿಕೊಟ್ಟು ಮತ್ತೆ ಶುರು ಹಚ್ಚಿಕೊಂಡರು. ನಾನು ಮಿಕ್ಸರ್ ಬಿಟ್ಟು ಮುಂದೆ ಹೋಗಿ ನಿಂತು ನೋಡಿದೆ. ಅಂಗಿ ಅದುರುತ್ತಿತ್ತು.

ಟಿಕೆಟ್ 300, ಬಂದವರು ಹೆಚ್ಚುಕಮ್ಮಿ 190. ಬ್ಯಾಂಡುಗಳಿಗೆ 28 ಸಾವಿರ, ಜನರೇಟರ್ ಡೀಸೆಲ್ ಸೇರಿ 14, ಲೈಟು ಲಾರಿಗೆ 8. ಏಳು ಸಾವಿರ ಉಳಿಯಿತು. ನನ್ನ ಸೆಟ್ಟಿನ ಬಾಡಿಗೆ ಹಿಡಿದರೆ ಲಾಸೇ ಬಿಡಿ. ಇಪ್ಪತ್ತು ರೂಪಾಯಿಗೆ ಮಾರೋಣ ಅಂತ ತಂದ ಇಯರ್‌ಪ್ಲಗ್ ಹತ್ತೂ ಹೋಗಲಿಲ್ಲ. ರೈಟ್ರು ಎರಡು ಜೊತೆ ಕೇಳಿ ಇಸ್ಕೊಂಡರು.

ಮೊನ್ನೆ, ಎಂಟು ಬಿನ್ ಬೇಕು ಅಂದಿದ್ದವರೇ ಒಬ್ಬರು ಫೋನ್ ಮಾಡಿದ್ದರು. 'ಮಾರಾಯ, ಗೋಡೆಯಿಂದ ಎಷ್ಟು ಇಂಚು ಬಿಟ್ಟೆ?' ಬನ್ನಿ ಸಾರ್, ಕಾಫಿ ಕುಡಿಯೋಣ ಅಂದೆ.